ಮೂರನೆಯ ದಿನದ ರಕ್ತ

ಪರೇಲಿನ ಡಾಕ್ಟರು ಹೇಳಿದ್ದು ಸರಳವಾಗಿತ್ತು. ಮುಟ್ಟಿನ ಮೂರನೆಯ ದಿನ ಬೆಳಿಗ್ಗೆ ಬಂದು ರಕ್ತ ಕೊಡಬೇಕು. ಅಂಡಾಶಯವನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಎಷ್ಟಿದೆಯೆಂದು ಅಳೆಯುತ್ತಾರೆ. ಉಳಿದ ಅಂಡಗಳು ಕಡಿಮೆಯಾದಷ್ಟೂ ಆ ಅಂಕಿ ಏರುತ್ತದೆ. ತೀರಾ ಏರಿದ್ದರೆ ಪ್ರನಾಳ ಶಿಶು ಚಿಕಿತ್ಸೆಗೆ ನನ್ನನ್ನು ತೆಗೆದುಕೊಳ್ಳುವುದಿಲ್ಲ. ನನಗಾಗ ಮೂವತ್ತೊಂದು. ಮದುವೆಯಾಗಿ ಏಳು ವರ್ಷ. ಬೇರೆ ಚಿಕಿತ್ಸೆಗಳೆಲ್ಲ ಮುಗಿದಿದ್ದವು.

ಸಯನ್ನಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೈಸೂರಿನ ಮಡಿ ಅರ್ಧ ಉಳಿದಿತ್ತು. ಆ ಮೂರು ದಿನ ನನಗೆ ಕಿಟಕಿಯ ಬಳಿ ಬೇರೆ ಚಾಪೆ. ಅಡಿಗೆಮನೆಗೆ ಹೋಗುವಂತಿಲ್ಲ, ಆಫೀಸಿಗೆ ಹೋಗಬಹುದು. ಅತ್ತೆ ಕಾಫಿ ಲೋಟವನ್ನು ದೂರದಿಂದ ನೆಲದ ಮೇಲಿಡುತ್ತಿದ್ದರು. ದಿನ ಎಣಿಸುವವರೂ ಅವರೇ.

ಆ ತಿಂಗಳು ಮಂಗಳವಾರ ಬೆಳಗಿನ ಜಾವ ಮುಟ್ಟಾಯಿತು.

"ಇನ್ನೂ ಬೆಳಕು ಹರೀಲಿಲ್ವಲ್ಲೇ, ಹಾಗಾದ್ರೆ ನಿನ್ನೇದೇ ಲೆಕ್ಕ. ಗುರುವಾರ ತಲೆಗೆ ಹಾಕ್ಕೊಂಡು ಒಳಗೆ ಬಾ" ಅಂದರು ಅತ್ತೆ.

ಸೂರ್ಯ ಹುಟ್ಟಿದ ಮೇಲೆಯೇ ದಿನ ಬದಲಾಗುವುದೆಂದು ತವರಿನಲ್ಲೂ ಕೇಳಿ ಬೆಳೆದವಳು ನಾನು. ಬುಧವಾರ ಪರೇಲಿಗೆ ಹೋದೆ. ರಕ್ತ ತೆಗೆಯುವ ನರ್ಸ್ ವಿಜಾಪುರದ ಕಡೆಯವಳು.

"ಎಷ್ಟನೇ ದಿನಾರಿ ಅಕ್ಕಾರ?"

"ಮೂರನೆಯದು."

ಹತ್ತು ದಿನದ ಮೇಲೆ ಡಾಕ್ಟರು ವರದಿಯ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿದರು. ಹೆಚ್ಚಿದೆ, ಚಿಕಿತ್ಸೆಯಿಂದ ಫಲ ಸಿಗುವ ಭರವಸೆ ಇಲ್ಲ ಅಂದರು. ನಾನು ಎದ್ದು ಬಂದೆ. ಲೋಕಲ್ ರೈಲಿನಲ್ಲಿ ನಿಂತಿದ್ದಾಗ ಬೆರಳು ತಾನಾಗಿ ಎಣಿಸತೊಡಗಿತು. ಮಂಗಳ, ಬುಧ. ಎರಡೇ. ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಪ್ರತಿ ಸೀಸೆಯ ಮೇಲೆ ತಾರೀಖು, ಗಂಟೆ ಬರೆಯುವವಳು ನಾನು. ನನ್ನ ಸೀಸೆಗೇ ತಪ್ಪು ದಿನ ಹೇಳಿದ್ದೆ.

ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಎದುರಿನ ಗಾಡಿ ಹಿಡಿದೆ. ಡಾಕ್ಟರು ಹೊರಡುವುದರಲ್ಲಿದ್ದರು. ಸೂರ್ಯ ಹುಟ್ಟುವ ಲೆಕ್ಕದಿಂದ ದಿನ ತಪ್ಪಿದ್ದನ್ನು ಹೇಳಿದೆ. ಒಂದು ದಿನದಿಂದ ಅಷ್ಟೇನೂ ವ್ಯತ್ಯಾಸವಾಗದು, ಬೇಕಾದರೆ ಮುಂದಿನ ತಿಂಗಳು ಮತ್ತೆ ನೋಡೋಣ ಎಂದರು. ನರ್ಸ್ ನಕ್ಕಳು. "ಅಕ್ಕಾರ, ಸೂರ್ಯಾ ಗೀರ್ಯಾ ಇಲ್ಲಿ ನಡೆಯೂದಿಲ್ರಿ. ಗಡಿಯಾರ ನೋಡ್ರಿ!"

"ಅಮ್ಮಂಗೆ ಹೇಳ್ಬೇಡ, ಮನಸ್ಸಿಗೆ ಹಚ್ಕೋತಾಳೆ" ಅಂದರು ನನ್ನ ಗಂಡ, ವಿಕ್ರೋಳಿಯ ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತ. ಆದರೂ ಹೇಳಿದೆ. ಮತ್ತೆ ತಪ್ಪುವುದು ನನಗೆ ಬೇಕಿರಲಿಲ್ಲ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು.

ಆ ಒಂದು ದಿನದ ತಪ್ಪನ್ನೇ ನೆಚ್ಚಿಕೊಂಡು ನಾನು ಉಳಿದ ದಿನಗಳನ್ನು ಕಳೆದೆ.

ಮುಂದಿನ ತಿಂಗಳು ಅತ್ತೆ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಮುಟ್ಟಾದ ಗಂಟೆಯನ್ನೂ ಬರೆದರು. ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಕಾಫಿ ತಂದರು. ನೆಲದ ಮೇಲಿಡಲಿಲ್ಲ. ನನ್ನ ಕೈ ಹಿಡಿದು ಲೋಟ ಕೊಟ್ಟರು.

"ಇವತ್ತು ಅವರ ಲೆಕ್ಕದ ಮೂರು. ಕುಡಿದು ಹೊರಡು."

ಎರಡನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದಿತ್ತು. ಡಾಕ್ಟರು ಫೈಲು ಮುಚ್ಚಿದರು.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ನಾನು ಹೇಳಿದ ದಿನದಿಂದ ಹಾಗಾಗಿತ್ತಾ?"

ಹೌದು ಎನ್ನುವಂತಿದ್ದರೆ ನನಗೇ ಸಂತೋಷವಾಗುತ್ತಿತ್ತು. "ಇಲ್ಲ ಅತ್ತೆ. ಈ ಸಲ ಇನ್ನೂ ಏರಿದೆ. ಆಗಲ್ಲ ಅಂದ್ರು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ನನ್ನ ಚೀಲ ಇಸಿದುಕೊಂಡರು.

ಮರು ತಿಂಗಳು ಮುಟ್ಟಾದಾಗ ನಾನು ಹೇಳಲಿಲ್ಲ. ಚಾಪೆ ಹಾಸಲಿಲ್ಲ. ಬೆಳಿಗ್ಗೆ ಅಡಿಗೆಮನೆಗೆ ಹೋಗಿ ಹಾಲು ಒಲೆಗಿಟ್ಟೆ. ಅತ್ತೆಗೆ ತಾರೀಖು ಗೊತ್ತಿತ್ತು. ಬಾಗಿಲಿಗೆ ಬಂದು, ನನ್ನನ್ನೂ ಒಲೆಯನ್ನೂ ನೋಡಿದರು.

"ಉಕ್ಕುತ್ತೆ, ಉರಿ ಸಣ್ಣ ಮಾಡು" ಅಂದರು.