ವಲ್ಲಿಯ ಕೆಳಗಿನ ಕೈ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ದೇವದುರ್ಗದಲ್ಲಿ ಉರ್ದು ಮಿಡ್ಲ್ ಪಾಸಾಗಿ ಎರಡು ವರ್ಷ ಕಟ್ಟೆ ಕಾಯುತ್ತ ಕೂತವನು ನಾನು. ಮದುವೆಯೂ ಆಗಿತ್ತು. ಹೆಂಡತಿ ಮಾತ್ರ ಮಾನ್ವಿಯ ತವರಿನಲ್ಲೇ ಇದ್ದಳು. ಅವಳಪ್ಪ ಊರೂರು ತಿರುಗಿ ಹತ್ತಿ ಕೊಳ್ಳುವ ಸಣ್ಣ ವ್ಯಾಪಾರಿ. ನಾನು ಕರೆಯಲು ಹೋದಾಗಲೆಲ್ಲ ಹೊಟ್ಟೆ ತುಂಬ ಊಟ ಹಾಕಿಸಿ, ಎಲೆ ಅಡಿಕೆ ಕೊಟ್ಟು, "ಮೊದಲ ನೌಕರಿ ಹಿಡೀರಿ, ಆಮ್ಯಾಲ ಕರಕೊಂಡು ಹೋಗ್ರಿ" ಎನ್ನುತ್ತಿದ್ದರು. ಮೂರು ಸಲ ಹೀಗೆ ಒಬ್ಬನೇ ಮರಳಿದೆ. ಮೂರನೆಯ ಸಲ ಬಾಗಿಲ ಮರೆಯಲ್ಲಿ ಅವಳ ಸೀರೆಯ ಅಂಚು ಕಂಡಿತ್ತು, ಅಷ್ಟೇ. ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಅವರ ಮಾತು ಸರಿ ಎಂದು ಗೊತ್ತಿದ್ದುದರಿಂದ ಇನ್ನಷ್ಟು ಬಂತು.

ಇದರಲ್ಲಿ ನಮ್ಮ ಮನೆಯವರ ಪಾಲೂ ಇತ್ತು. ಹೆಣ್ಣು ನೋಡಲು ಹೋದ ದಿನ ನಮ್ಮ ಕಾಕಾ ಮಂಡಕ್ಕಿ ಸುಸಲಾ ತಿನ್ನುತ್ತ, "ನಮ್ಮ ಹುಡುಗಗ ಹತ್ತಿ ವ್ಯಾಪಾರ ಅಂದ್ರ ನೀರು ಕುಡದಂಗ" ಎಂದುಬಿಟ್ಟಿದ್ದರು. ಹತ್ತಿಯ ಗಂಧವೂ ಇಲ್ಲದ ನಾನು ತಲೆ ತಗ್ಗಿಸಿದೆ. ಹಿರಿಯರು ಅದನ್ನು ವಿನಯ ಎಂದುಕೊಂಡರು.

ಆ ಮಾತು ನಂಬಿ ರಾಯಚೂರಿನ ಒಂದು ಹತ್ತಿ ಗಿರಣಿಗೆ ಖರೀದಿಯ ಗುಮಾಸ್ತ ಬೇಕಾಗಿದ್ದಾನೆಂಬ ಸುದ್ದಿ ತಂದವರೂ ಮಾವನೇ. "ಸಾವ್ಕಾರ್ರು ಏನು ಕೇಳಿದ್ರೂ ಬರತದ ಅನ್ರಿ. ಬರಂಗಿಲ್ಲ ಅಂದಾವನ್ನ ಯಾರೂ ಎರಡನೇ ಮಾತು ಕೇಳಂಗಿಲ್ಲ" ಎಂದು ತಾಕೀತು ಮಾಡಿ ಕಳಿಸಿದರು.

ಸಾವಕಾರರು ಹಣೆ ತುಂಬ ವಿಭೂತಿ ಹಚ್ಚಿ ಗಾದಿಯ ಮೇಲೆ ಕೂತಿದ್ದರು. ಹತ್ತಿಯ ಧೂಳಿಗೆ ನನಗೆ ಸೀನು ಬರುತ್ತಿತ್ತು. ಹತ್ತಿಯ ನೌಕರಿಗೆ ಬಂದವನು ಸೀನಬಾರದೆಂದು ಮೂಗು ಹಿಡಿದುಕೊಂಡೆ.

"ಉರ್ದುದಾಗ ಖತ್ ಬರೀತೀರಿ?"

"ಬರೀತೀನ್ರಿ." ಅದು ನಿಜ.

"ಎಳಿ ಜಗ್ಗಿ ನೋಡಿ ಹತ್ತಿ ಎಂಥಾದ್ದು ಅಂತ ಹೇಳ್ತೀರಿ?"

"ಹೇಳ್ತೀನ್ರಿ." ಅದು ಸುಳ್ಳು.

"ವಲ್ಲಿ ಕೆಳಗ ರೇಟು ಮುಗಸೂದು?"

"ಸಣ್ಣಾವಿದ್ದಾಗಿಂದ ಮಾಡಾಕತ್ತೀನ್ರಿ." ಅದು ದೊಡ್ಡ ಸುಳ್ಳು.

ಆಗ ನಮ್ಮ ಕಡೆ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಕೈ ಕೈ ಹಿಡಿದು, ಮೇಲೆ ಹೆಗಲಿನ ಬಟ್ಟೆ, ಅಂದರೆ ವಲ್ಲಿ, ಹೊದಿಸಿ, ಬೆರಳು ಒತ್ತಿ ಬೆಲೆ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ವಲ್ಲಿ ತೆಗೆದ ಮೇಲೆ ಮಾತು ತಿರುಗಿಸುವಂತೆಯೂ ಇರಲಿಲ್ಲ. ಸಂತೆಯಲ್ಲಿ ನಾನಿದನ್ನು ನೂರು ಸಲ ನೋಡಿದ್ದೆ. ನೋಡಿದ್ದು ಮೇಲಿನ ವಲ್ಲಿಯನ್ನು ಮಾತ್ರ.

ಅಂಗಳದಲ್ಲಿ ಕುರ್ಡಿ ಎಂಬ ಹಳ್ಳಿಯಿಂದ ಬಂದ ಒಂದು ಹತ್ತಿ ಬಂಡಿ ನಿಂತಿತ್ತು. ಪಕ್ಕದಲ್ಲಿ ಅದರ ಒಡೆಯ, ಒಬ್ಬ ಮುದುಕರು. ಸಾವಕಾರರು ತಾವು ಕೊಡಬಹುದಾದ ಹೆಚ್ಚಿನ ಬೆಲೆಯನ್ನು ನನ್ನ ಕಿವಿಯಲ್ಲಿ ಹೇಳಿ, "ಆ ಬಂಡಿ ಮುಗಿಸಿ ಬರ್ರಿ, ನೋಡೂಣು" ಎಂದರು.

ಮುದುಕರು ವಲ್ಲಿ ಹೊದಿಸಿ ನನ್ನ ಮೂರು ಬೆರಳು ಹಿಡಿದರು. ಒಂದರ ಗೆಣ್ಣನ್ನು ಎರಡು ಸಲ ಒತ್ತಿದರು. ಸುಮ್ಮನೆ ನಿಂತರೆ ಸಿಕ್ಕಿಬೀಳುತ್ತೇನೆಂದು ನಾನೂ ಒತ್ತಿದೆ. ಎಲ್ಲಿ ಒತ್ತಿದೆನೋ ದೇವರಿಗೇ ಗೊತ್ತು. ಅವರು ನನ್ನ ಮುಖ ನೋಡಿದರು. ಮತ್ತೆ ತಮ್ಮ ಬೆರಳು ಒತ್ತಿದರು. ನಾನು ಹಿಂದೆ ಒತ್ತಿದ್ದಲ್ಲೇ ಗಟ್ಟಿಯಾಗಿ ಒತ್ತಿದೆ.

"ಇಷ್ಟು ಕಡಿಮಿಗೆ ಹಿಡದ್ರ ಹ್ಯಾಂಗ್ರೀ" ಎಂದರು ಮೆಲ್ಲಗೆ. ಸ್ವಲ್ಪ ಹೊತ್ತು ಬಂಡಿಯ ಕಡೆ ನೋಡಿದರು. "ಆತು. ಎತ್ತು ಸೋತಾವು, ತಿರುಗಿ ಎಲ್ಲಿಗೆ ಒಯ್ಯಲಿ. ನಿಮ್ಮ ಮಾತೇ ಆಗಲಿ."

ಇನ್ನು ವಲ್ಲಿ ತೆಗೆದರೆ ನೌಕರಿ ನನ್ನದು. ಅಗ್ಗಕ್ಕೆ ಬಂಡಿ ಮುಗಿಸಿದ ಗುಮಾಸ್ತನನ್ನು ಯಾವ ಸಾವಕಾರ ಬಿಡುತ್ತಾನೆ? ಹೆಂಡತಿ ಟ್ರಂಕು ಹಿಡಿದು ಹೊಸ್ತಿಲು ದಾಟುವುದು ಕಣ್ಣಿಗೆ ಕಟ್ಟಿತು. ಮುದುಕರು ಇನ್ನೊಂದು ಕೈಯಿಂದ ವಲ್ಲಿ ಎಳೆಯತೊಡಗಿದರು. ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಯಪ್ಪಾ, ತೆಗೀಬ್ಯಾಡ್ರಿ" ಎಂದೆ. "ನಾ ಏನು ಒತ್ತಿದೆ ಅನ್ನೂದು ನನಗ ಗೊತ್ತಿಲ್ಲ. ಇದು ನನಗ ಬರಂಗಿಲ್ಲ."

ಗಾದಿಯ ತನಕ ಕೇಳಿಸಿತು. ಸಾವಕಾರರು ಎದ್ದು ಬಂದು ಅದೇ ವಲ್ಲಿಯ ಕೆಳಗೆ ತಾವೇ ಬಂಡಿ ಮುಗಿಸಿದರು. ಬೆಲೆ ಏರಿತೆಂದು ಮುದುಕರ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ನನಗೆ, "ಖರೀದಿಗೆ ನೀವು ಆಗಂಗಿಲ್ಲ" ಎಂದರು. ನಾನು ಚಪ್ಪಲಿ ಹುಡುಕತೊಡಗಿದೆ. "ನಿಲ್ರಿ. ಉರ್ದು ಅರ ಖರೇ ಬರತದೋ, ಅದೂ ಹಿಂಗೇನೋ?"

ಒಂದು ಕಾಗದ ಬರೆಸಿ ನೋಡಿದರು. ಖತ್ ಬರೆಯುವ ಗುಮಾಸ್ತನಾಗಿ ಇಟ್ಟುಕೊಂಡರು. ಪಗಾರ ಖರೀದಿಯವನಿಗಿಂತ ಕಡಿಮೆ.

ಮರುವಾರ ಮಾನ್ವಿಗೆ ಹೋದೆ. "ಎಲ್ಲಾ ಬರತದ ಅಂದ್ರಿಲ್ಲೊ?" ಎಂದರು ಮಾವ.

"ಅಂದೆ ರೀ."

"ಖರೀದಿ ಕೆಲಸ ಕೊಟ್ರು?"

"ಹೌದ್ರಿ."

ಗಿರಣಿಯ ಅಂಗಳದಲ್ಲಿ ಬಿಟ್ಟು ಬಂದ ಸುಳ್ಳನ್ನು ಮಾವನ ಪಡಸಾಲೆಯಲ್ಲಿ ಮತ್ತೆ ಎತ್ತಿಕೊಂಡೆ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ಹೆಂಡತಿ ಬರಬೇಕಾಗಿತ್ತು. ಅವರು ಸಂತೋಷದಿಂದ ಕಳಿಸಿಕೊಟ್ಟರು.

ಬಂಡಿ ರಾಯಚೂರಿನ ದಾರಿ ಹಿಡಿಯಿತು. ಕುರ್ಡಿಯ ಕಡೆ ಹೊರಳುವ ಹಾದಿ ಕಂಡಾಗ ಮುದುಕರ ನೆನಪಾಗಿ ಕೂತಲ್ಲಿ ಕೂರಲಾಗಲಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿದೆ, ಕಾಕಾ ಹೇಳಿದ ಸುಳ್ಳನ್ನೂ ಸೇರಿಸಿ.

"ಅದು ನನಗ ನೀವು ನೋಡಾಕ ಬಂದ ದಿನಾನ ಗೊತ್ತಾತು" ಎಂದಳು. "ನಮ್ಮ ಪಡಸಾಲ್ಯಾಗ ನಿಮ್ಮ ಅಂಗಿಗೆ ಹತ್ತಿ ಹತ್ತಿತ್ತು. ಝಾಡಿಸಿ ಒಗದ್ರಿ. ಹತ್ತಿ ವ್ಯಾಪಾರದಾವ ಎಳಿ ಜಗ್ಗಿ ನೋಡದ ಒಗಿಯಂಗಿಲ್ಲ."

"ಮತ್ತ ಯಾಕ ಒಪ್ಪಿದಿ?"

"ಕಾಕಾರು ಹೇಳಾಗ ನೀವು ತಲಿ ತಗ್ಗಿಸಿದ್ರಿ. ಸುಳ್ಳಿಗೆ ನಾಚತಾರ, ನಡೀತದ ಅಂದೆ."

ಬಂಡಿ ಹೊಡೆಯುವವನು ಎತ್ತುಗಳ ಮೇಲೆ ಕಣ್ಣಿಟ್ಟಿದ್ದ. ಅವಳು ಸೆರಗಿನ ತುದಿಯನ್ನು ನನ್ನ ಕೈಮೇಲೆ ಹೊದಿಸಿ, ಕೆಳಗೆ ತೋರುಬೆರಳು ಹಿಡಿದಳು.

"ಇದು ಒಂದು, ಅಪ್ಪ ಕಲಿಸ್ಯಾರ. ರಾಯಚೂರು ಬರೂದ್ರಾಗ ಕಲೀರಿ. ನಮ್ಮಪ್ಪನ ಮುಂದ ಇನ್ನೊಮ್ಮೆ ತಲಿ ತಗ್ಗಸೂದು ಬ್ಯಾಡ."