ಮುಂಚಕ್ರಗಳ ಬೆಸುಗೆ

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಹಿಂದೆ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಸಾಬರು ಯಾರಿಗೂ ಕಾರಣ ಹೇಳುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿ, ಎಣ್ಣೆಗೈಯನ್ನು ಗೋಣಿಗೆ ಒರೆಸಿ, "ಗಾಡಿಗಿರೋ ಬುದ್ಧಿ ನಿಂಗಿಲ್ವಲ್ಲೋ" ಎನ್ನುತ್ತಿದ್ದರು. ಅಮಲ್ದಾರರಿಗೂ ಅದೇ ಮಾತು, ಬಹುವಚನದಲ್ಲಿ.

ಯುದ್ಧ ಮುಗಿದ ಮೇಲೆ ಮಾವಿನ ಮಂಡಿಯ ಸಾಹುಕಾರರು ಮಿಲಿಟರಿಯ ಹಳೆಯ ಜೀಪು ಕೊಂಡರು. ನನ್ನ ಅಣ್ಣ ಅದರ ಡ್ರೈವರ್. ಗೌನಿಪಲ್ಲಿ ಕಡೆಯ ತೋಟಗಳ ಕೆಸರಿನಲ್ಲಿ ಮುಂದಿನ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು, ಇನ್ನೊಂದು ಅಲುಗುತ್ತಿರಲಿಲ್ಲ. ಎರಡೂ ಒಟ್ಟಿಗೇ ತಿರುಗುವಂತೆ ಒಳಗಿನ ಹಲ್ಲುಚಕ್ರಗಳಿಗೆ ಬೆಸುಗೆ ಹಾಕಿಸಲು ಸಾಹುಕಾರರು ಹೇಳಿದರು. ಅಣ್ಣನ ಜೊತೆ ನಾನೂ ಶೆಡ್ಡಿಗೆ ಹೋದೆ.

"ಬೆಸೀಬೇಕಾ? ನಿಮ್ಮ ಸಾಹುಕಾರ್ ಬಾಯಿ ಬೆಸೀತೀನಿ, ಕರ್ಕೊಂಡ್ ಬಾ!"

"ಯಾಕೆ ಸಾಬ್ರೇ, ಆಗಲ್ವಾ?" ಎಂದ ಅಣ್ಣ.

"ನಂಗಾಗುತ್ತೆ. ನಿಂಗೆ ತಲೆ ಇಲ್ಲ. ನಡಿಯೋ."

ಅಣ್ಣ ನಗುತ್ತಲೇ ಕೋಲಾರಕ್ಕೆ ಹೋಗಿ ಬೇರೊಬ್ಬರಿಂದ ಬೆಸೆಸಿಕೊಂಡು ಬಂದ. ಕೆಸರಿನಲ್ಲಿ ಜೀಪು ಚೆನ್ನಾಗಿಯೇ ಓಡಿತು. ಮೂರನೆಯ ದಿನ ಕೆರೆಕಟ್ಟೆಯ ತಿರುವಿನ ಗಟ್ಟಿ ನೆಲದಲ್ಲಿ ಮುಂಚಕ್ರಗಳೆರಡೂ ಒಂದೇ ವೇಗದಲ್ಲಿ ನೆಟ್ಟಗೆ ಎಳೆದವು. ಸ್ಟೀರಿಂಗ್ ಬಗ್ಗಲಿಲ್ಲ, ಜೀಪು ಕಟ್ಟೆಯಿಂದ ಕೆಳಕ್ಕೆ ಉರುಳಿತು. ಅಣ್ಣ ಜೀಪಿನಡಿ ಸಿಕ್ಕಿ ತೀರಿಕೊಂಡ.

ಸಾಹುಕಾರರು ಬರಲಿಲ್ಲ, ಆಳಿನ ಕೈಲಿ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದರು.

ಹನ್ನೊಂದನೆಯ ದಿನ ಸಾಬರು ಬಂದರು. ಜಗಲಿ ತೋರಿಸಿದರೂ ಕೂರಲಿಲ್ಲ.

"ನೀವು ಬೇಡ ಅಂದಿದ್ರಂತೆ. ನಮ್ಮೋನಿಗೇ ಹಟ," ಎಂದರು ಅಮ್ಮ.

"ಹಟ ಅಲ್ಲಮ್ಮಾ. ಯಾಕೆ ಅಂತ ಕೇಳ್ದ, ಬೈದು ಕಳಿಸ್ದೆ," ಎಂದರು ಸಾಬರು. "ತಿರುವಲ್ಲಿ ಗಾಡಿ ತಿರುಗಲ್ಲ ಕಣೋ ಅಂತ ಒಂದು ಮಾತು ಹೇಳ್ಲಿಲ್ಲ."