ತಟ್ಟೆಯ ನೀರು ಅಲುಗದ ಮನೆ

ಬಾಡಿಗೆಗೆ ಜಾಗ ನೋಡಲು ಹೋದವರು ಕಿಟಕಿ ನೋಡುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ. ನಾನೂ ನನ್ನ ತಂಗಿಯೂ ಸ್ಟೀಲ್ ತಟ್ಟೆಗೆ ನೀರು ಹಾಕಿ ನೋಡುತ್ತಿದ್ದೆವು. ತಟ್ಟೆಯನ್ನು ನೆಲದ ಮೇಲಿಟ್ಟು, ನೀರಿನಲ್ಲಿ ಕಾಣುವ ತೊಲೆಯ ಬಿಂಬ ನಡುಗುತ್ತದೆಯೇ ಎಂದು ಇಬ್ಬರೂ ಬಗ್ಗಿಕೊಂಡು ಕಾಯುವುದು. ತರೀಕೆರೆಯಲ್ಲಿ ಒಬ್ಬ ಯಜಮಾನರು ಇದನ್ನು ಕಂಡು, "ಏನ್ರಪ್ಪಾ, ಬೋರ್‌ವೆಲ್ ಪಾಯಿಂಟ್ ಹಾಕೋರಾ? ಹಂಗಾದ್ರೆ ನಮ್ ಹಿತ್ಲಲ್ಲೂ ಒಂದ್ಸಲ ನೋಡ್ಬಿಡಿ" ಅಂದಿದ್ದರು.

ತಂಗಿ ಕಡೂರಿನಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುತ್ತಾಳೆ, ಅದರ ಜೊತೆಗೇ ಪಿಎಚ್‌ಡಿ. ಅವಳ ಕೆಲಸ ಫುಲ್ಲರೀನ್ ಎಂಬ ಅಣುವಿನದು. ಅರವತ್ತು ಇಂಗಾಲದ ಪರಮಾಣುಗಳು ಸೇರಿ ಫುಟ್‌ಬಾಲಿನ ಹಾಗೆ ಆದ ಒಂದು ಗುಂಡು. ನಮ್ಮ ಒಲೆಯ ಮಸಿಗೆ ದಾಯಾದಿ. ಈ ಗುಂಡುಗಳಿಗೆ ನೀರು ಕಂಡರಾಗದು, ಒಂದಕ್ಕೊಂದು ಅಂಟಿ ಗುಡ್ಡೆಯಾಗಿಬಿಡುತ್ತವೆ. ಅದಕ್ಕೇ ಒಂದೊಂದಕ್ಕೂ ನೀರಿಗೆ ಒಗ್ಗುವ ಬಾಲವೊಂದನ್ನು ಜೋಡಿಸಿರುತ್ತಾರೆ. ತಟ್ಟೆಯಂಥ ತೊಟ್ಟಿಯ ನೀರಿನ ಮೇಲೆ ಹನಿಹನಿಯಾಗಿ ಬಿಟ್ಟರೆ ಬಾಲ ಕೆಳಗೆ, ಗುಂಡು ಮೇಲೆ. ಆಮೇಲೆ ಎರಡು ಕಡೆಯಿಂದ ಪಟ್ಟಿಗಳು ಮೆಲ್ಲಗೆ ಒತ್ತಿ ಅವನ್ನು ಸಾಲು ಮಾಡುತ್ತವೆ. ಆಗ ಮೊದಲೇ ನೀರೊಳಗೆ ಇಳಿಸಿಟ್ಟ ಗಾಜಿನ ಚೂರನ್ನು ಮೇಲೆತ್ತಿದರೆ ಒಂದೇ ಅಣುವಿನಷ್ಟು ತೆಳುವಾದ ಪೊರೆ ಗಾಜಿಗೆ ಹತ್ತಿಕೊಂಡು ಬರುತ್ತದೆ. ಬಿಸಿಲಿನಿಂದ ಕರೆಂಟು ತೆಗೆಯುವುದಕ್ಕೆ ಇಂಥ ಪೊರೆಗಳು ಮುಂದೆ ಬೇಕಾಗುತ್ತವಂತೆ.

"ಎಮ್ಮೆದೊಡ್ಡಿ ಕಾವಲಲ್ಲಿ ದನ ಕೂಡಿದಂಗೆ ಅನ್ನು. ಆತ್ರ ಮಾಡಿದ್ರೆ ಒಂದ್ರ ಮೇಲೊಂದು ಹತ್ಬಿಡ್ತವೆ" ಎಂದೆ.

"ಹೂಂ ಅಣ್ಣ, ಅದೇಯ. ಇವುಕ್ಕೆ ಕೊಂಬಿಲ್ಲ, ಅಷ್ಟೇ."

ವಿಶ್ವವಿದ್ಯಾಲಯದ ತೊಟ್ಟಿಗೆ ಸರದಿ ಕಾದೂ ಕಾದೂ ಸಾಕಾಗಿ, ಅವಳು ತನ್ನ ಗೈಡ್ ಹತ್ತಿರವಿದ್ದ ಹಳೆಯ ತೊಟ್ಟಿಯನ್ನೇ ಕೇಳಿ ಊರಿಗೆ ತಂದಳು. ಜೊತೆಗೆ ಹೆಬ್ಬೆರಳಿನಷ್ಟು ಸೀಸೆಯಲ್ಲಿ ಕಂದು ದ್ರಾವಣ. ಆ ಅಣುವನ್ನು ತಯಾರಿಸಿದವರು ದೇಶ ಬಿಟ್ಟು ಹೋಗಿದ್ದರು, ಉಳಿದದ್ದು ಅಷ್ಟೇ. ಅದು ಮುಗಿಯುವುದರೊಳಗೆ ಪೊರೆ ಸಾಲಾಗಿ ಕೂತರೆ ಅವಳ ಪ್ರಬಂಧಕ್ಕೆ ಕೊನೆಯ ಅಧ್ಯಾಯ ಸಿಕ್ಕಂತೆ. ಇಲ್ಲವಾದರೆ ಇಲ್ಲ. ಕಡೂರಿನ ನಮ್ಮ ಮನೆಯಿರುವುದು ರೈಲು ಹಳಿಯ ಪಕ್ಕ. ಗೂಡ್ಸ್ ಗಾಡಿ ಹೋದರೆ ತೊಟ್ಟಿಯ ನೀರು ನಡುಗುತ್ತಿತ್ತು, ಪೊರೆ ಮಡಿಚಿಕೊಳ್ಳುತ್ತಿತ್ತು. ಅರ್ಧ ಸೀಸೆ ಹಾಗೇ ಹಾಳಾದ ಮೇಲೆ ನಾವು ತಟ್ಟೆ ಹಿಡಿದು ಹೊರಟದ್ದು. ದೇವನೂರಿನಲ್ಲಿ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅಮೃತಾಪುರದಲ್ಲಿ ಸಿಕ್ಕ ಕೋಣೆಯ ಮುಂದೆಯೇ ಬಸ್ಸು ತಿರುಗಿಸುತ್ತಿದ್ದರು.

ನನ್ನದು ಹಳೆಯ ಪಂಪ್‌ಸೆಟ್ ವ್ಯಾಪಾರ. ಸುಟ್ಟ ಮೋಟಾರುಗಳನ್ನು ಸೈಕಲ್ಲಿನಲ್ಲಿ ಹೊತ್ತು ತಂದು ಶುರು ಮಾಡಿದವನು. ತಂಗಿ ಬೆಳೆದದ್ದು, ಹೋಂವರ್ಕ್ ಬರೆದದ್ದು ಎಲ್ಲ ಆ ಅಂಗಡಿಯಲ್ಲೇ. ಚೌಕಾಸಿ ಹೇಗೆಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ! ಬೆಲೆ ಕೇಳು, ಮುಖ ಸಪ್ಪಗೆ ಮಾಡು, ಎದ್ದು ಹೊರಡು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದನ್ನು ನಿಧಾನ ಮಾಡು. ಎರಡನೇ ಕಾಲಿಗೆ ಹಾಕುವುದರೊಳಗೆ ಕರೆಯುತ್ತಾರೆ. ಓದುವ ನಿಮಗೂ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಅಂಗಡಿಯವರ ಹತ್ತಿರ ಮಾತ್ರ. ಆ ಕೊನೆಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಅಜ್ಜಂಪುರಕ್ಕೆ ಅವಳೊಬ್ಬಳೇ ಹೋದಳು. ನಾನು ತರೀಕೆರೆಯಲ್ಲಿ ಮೋಟಾರೊಂದನ್ನು ನೋಡುತ್ತಿದ್ದೆ. ಸಂಜೆ ಫೋನ್ ಬಂತು.

"ಅಣ್ಣಾ, ಸಿಕ್ತು ಕಣೋ! ಊರಾಚೆ, ಹಳಿಗೂ ದೂರ. ಬಂಡೆ ಮೇಲೆ ಕಟ್ಟಿರೋ ಉಗ್ರಾಣ. ತೊಲೆ ಅಲುಗ್ಲೇ ಇಲ್ಲ, ನನ್ ಮುಖಾನೂ ಅಲುಗ್ಲಿಲ್ಲ!"

"ಒಪ್ಕೊಂಡ್ ಬಂದ್ಯಾ?"

"ಇಲ್ಲಪ್ಪ. ಬಾಡಿಗೆ ಕೇಳ್ದೆ, ಜಾಸ್ತಿ ಆಯ್ತು ಬ್ಯಾಡ ಅಂದು ಎದ್ದು ಬಂದೆ. ನೀನ್ ಹೇಳ್ದಂಗೇ." ಧ್ವನಿಯಲ್ಲಿ ಜಂಬವಿತ್ತು.

"ಕರೆದ್ರಾ?"

"ಗೇಟ್ ಹತ್ರ ಸುಮಾರು ಹೊತ್ತು ನಿಂತಿದ್ದೆ. ಕರೀಲಿಲ್ಲ. ಇನ್ನೊಂದ್ಸಲ ಹೋದ್ರೆ ಇಳಿಸ್ತಾರೆ ಬಿಡು."

"ಭೇಷ್" ಅಂದೆ. "ಒಂದ್ ವಾರ ಆ ಕಡೆ ತಲೆ ಹಾಕ್ಬೇಡ." ಹಾಗಂದದ್ದು ನಾನೇ. ಜೀವಮಾನದಲ್ಲಿ ಚೌಕಾಸಿ ಮಾಡದವಳು ಅಂದು ಮಾಡಿದ್ದಳು, ಬಾಡಿಗೆ ಕೊಡುವ ನನ್ನ ಖರ್ಚು ಉಳಿಸಲೆಂದು. ನನಗೆ ಹೆಮ್ಮೆಯಾಗಿತ್ತು.

ವಾರ ಕಳೆದು ಇಬ್ಬರೂ ಹೋದೆವು. ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ತೊಲೆಯವರೆಗೂ ಈರುಳ್ಳಿ. ಮನೆಯೊಡತಿ ನಿವೃತ್ತ ಟೀಚರಮ್ಮ, ಹಣೆತುಂಬ ವಿಭೂತಿ. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು.

"ಅಲ್ಲಪ್ಪಾ, ಬ್ಯಾಡ ಅಂದು ಹೋದ್ಲಲ್ಲ ಈ ಹುಡುಗಿ. ಮೈದುನ ಈರುಳ್ಳಿಗೆ ಜಾಗ ಕೇಳ್ದ, ಕೊಟ್ಬಿಟ್ಟೆ."

"ಒಂದ್ ಮಾತು ಕರೀಬೇಕಿತ್ತಲ್ಲಮ್ಮಾ" ಎಂದೆ.

"ಕರೆಯೋಕೆ ಮನಸ್ಸು ಬಂತಪ್ಪಾ. ಗೇಟಿನ ಹತ್ರ ನಿಂತಿದ್ಲು, ನೋಡ್ದೆ. ಓದೋ ಕೆಲಸಕ್ಕೆ ಹೊರಟೋಳು. ಹೊರಟೋರನ್ನ ಹಿಂದಿಂದ ಕೂಗಿದ್ರೆ ಹೋದ ಕೆಲ್ಸ ಕೆಡುತ್ತೆ ಅಂತ ನಮ್ಮವ್ವ ಹೇಳೋಳು. ಅದಕ್ಕೇ ಬಾಯಿ ಬರ್ಲಿಲ್ಲ."

ತಂಗಿ ಲೋಟದೊಳಗಿನ ಮಜ್ಜಿಗೆಯನ್ನೇ ನೋಡುತ್ತಿದ್ದಳು. ಬಾಡಿಗೆ ದುಪ್ಪಟ್ಟು ಕೊಡುತ್ತೇನೆಂದೆ, ಈರುಳ್ಳಿ ಸಾಗಿಸುವ ಲಾರಿಯ ಖರ್ಚೂ ನನ್ನದೇ ಎಂದೆ. "ಮಾತು ಕೊಟ್ಟಾಗಿದೆ ಕಣಪ್ಪಾ" ಎಂದರು ಟೀಚರಮ್ಮ. ಬೇಸರ ಅವರ ಮುಖದಲ್ಲೂ ಇತ್ತು. ಅವರ ಮೈದುನ ಒಳ್ಳೆಯ ರೇಟಿಗೆ ಕಾಯುತ್ತಿದ್ದ. ಅವನೂ ನನ್ನಂಥವನೇ, ಸುಲಭಕ್ಕೆ ಕೊಡುವವನಲ್ಲ.

ಬೇರೆಲ್ಲೂ ತಟ್ಟೆಯ ನೀರು ನಿಲ್ಲಲಿಲ್ಲ. ಈರುಳ್ಳಿ ಖಾಲಿಯಾಗುವವರೆಗೆ, ತಿಂಗಳುಗಟ್ಟಲೆ, ಸೀಸೆ ಕಪ್ಪು ಕಾಗದ ಸುತ್ತಿಕೊಂಡು ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಕೂತಿತ್ತು. ಕಡೆಗೊಂದು ದಿನ ಟೀಚರಮ್ಮ ತಾವೇ ಫೋನ್ ಮಾಡಿ, ಉಗ್ರಾಣ ಗುಡಿಸಿ ತೊಳೆಸಿದೆ, ಬನ್ನಿ ಎಂದರು. ತೊಟ್ಟಿ ಇಟ್ಟೆವು. ನೀರು ಕನ್ನಡಿಯಂತಿತ್ತು. ತಂಗಿ ಹನಿಗಳನ್ನು ಬಿಟ್ಟು, ಪಟ್ಟಿಗಳನ್ನು ನಡೆಸಿ, ಗಾಜನ್ನು ಎತ್ತಿದಳು. ಬೆಳಕಿಗೆ ಹಿಡಿದಳು. ಮತ್ತೆ ಮಾಡಿದಳು. ಗಾಜಿನ ಮೇಲೆ ಕಂದು ಚುಕ್ಕೆಗಳು ನನ್ನ ಕಣ್ಣಿಗೂ ಕಂಡವು. ಕಾದೂ ಕಾದೂ ಗುಂಡುಗಳು ಸೀಸೆಯೊಳಗೇ ಗುಡ್ಡೆಯಾಗಿದ್ದವು.

"ನೀರು ನಿಂತಿದೆ ಅಣ್ಣ. ಇವೇ ನಿಲ್ತಿಲ್ಲ" ಎಂದಳು. ಸೀಸೆ ಖಾಲಿಯಾಗುವವರೆಗೂ ಬಿಡಲಿಲ್ಲ.

ಪ್ರಬಂಧ ಅಲ್ಲಿಗೇ ನಿಂತಿದೆ. ಇನ್ನೊಮ್ಮೆ ಆ ಅಣು ಮಾಡಿಕೊಡುವವರು ಸಿಕ್ಕಿಲ್ಲ. ಅವಳು ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ವಾದ ಮಾಡಿ ಗೆಲ್ಲುತ್ತಿದ್ದೆನೇನೋ.

ಈಗಲೂ ಭಾನುವಾರ ಅಂಗಡಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಾಳೆ. ಮೊನ್ನೆ ಒಬ್ಬ ರೈತ ಮೋಟಾರಿನ ಬೆಲೆ ಕೇಳಿ, ಮುಖ ಸಪ್ಪಗೆ ಮಾಡಿ, ಬಾಗಿಲಿಗೆ ಹೋಗಿ ಚಪ್ಪಲಿ ಹುಡುಕುತ್ತ ನಿಂತ. ಅವನ ಲೆಕ್ಕ ನನಗೆ ಗೊತ್ತು. ಇಂಥವರನ್ನು ಎರಡನೇ ಚಪ್ಪಲಿಯವರೆಗೂ ಕಾಯಿಸುವವನು ನಾನು. ತಂಗಿ ಕೆಂಪು ಪೆನ್ನು ಕೆಳಗಿಟ್ಟಳು.

"ಕರಿಯೋ ಅಣ್ಣ, ಹೋಗ್ಬಿಡ್ತಾನೆ" ಎಂದಳು.

ಕರೆದೆ.